ಕಣ್ಣಿಗೆ ಕಾಣದ ಲೋಹದ ಪಾಠ: ಸೀಸ, ಪುಟ್ಟ ಮಕ್ಕಳು ಮತ್ತು ನಮ್ಮ ತರಗತಿ

ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆ. ಬೋಧನಾಭ್ಯಾಸದ ಎರಡನೆಯ ವಾರ. ಎಂಟನೆಯ ತರಗತಿಯಲ್ಲಿ ಲೋಹ-ಅಲೋಹಗಳ ಪಾಠ ನಡೆದಿತ್ತು. ನಾನು ಹಿಂದಿನ ಸಾಲಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದೆ. ಪ್ರಶಿಕ್ಷಣಾರ್ಥಿ "ಸೀಸ ಅಂದರೆ ಏನು?" ಎಂದು ಕೇಳಿದರು. "ಎಣ್ಣೆ ಸೀಸಾ ಮಿಸ್" ಎಂದು ಒಬ್ಬ ಹುಡುಗ ಥಟ್ಟನೆ ಹೇಳಿದ. ಇನ್ನೊಬ್ಬಳು "ಪೆನ್ಸಿಲ್ ಒಳಗಿರೋ ಕಡ್ಡಿ" ಎಂದಳು. ಪ್ರಶಿಕ್ಷಣಾರ್ಥಿ ಮೊದಲನೆಯದನ್ನು ನಕ್ಕು ಬಿಟ್ಟರು. ಎರಡನೆಯದಕ್ಕೆ "ಸರಿ, ಅದಕ್ಕೇ ಪೆನ್ಸಿಲ್ ಕಚ್ಚಬಾರದು" ಎಂದು ಕಪ್ಪುಹಲಗೆಯ ಮೇಲೆ ಬರೆದರು.

ಆಮೇಲೆ ಅವರು ಸೀಸದ ಉಪಯೋಗಗಳಲ್ಲಿ ಬ್ಯಾಟರಿಯನ್ನು ಹೆಸರಿಸಿ, "ಇದು ವಿಷ, ಬ್ಯಾಟರಿ ಒಡೆಯುವ ಜಾಗದ ಹತ್ತಿರ ಹೋಗಬೇಡಿ" ಎಂದರು. ಆಗ ಎರಡು ಮೂರು ಮಕ್ಕಳು ತಿರುಗಿ ಒಬ್ಬ ಹುಡುಗನನ್ನು ನೋಡಿದರು. ಅವನ ಅಪ್ಪನಿಗೆ ಗುಜರಿ ಕೆಲಸ. ಮನೆಯ ಹಿತ್ತಲಿನಲ್ಲೇ ಹಳೆಯ ಬ್ಯಾಟರಿ ಬಿಚ್ಚುತ್ತಾರೆ. ಪಾಠ ಮುಗಿಯುವವರೆಗೂ ಆ ಹುಡುಗ ತಲೆ ಎತ್ತಲಿಲ್ಲ.

ಅಂದು ನಾನು ವೀಕ್ಷಣಾ ಪುಸ್ತಕದಲ್ಲಿ ಎರಡು ತಪ್ಪು ಗುರುತಿಸಿದೆ. ಒಂದು ವಿಷಯದ ತಪ್ಪು, ಇನ್ನೊಂದು ಬೋಧನೆಯ ತಪ್ಪು. ವಿಷಯದ ತಪ್ಪನ್ನು ಹತ್ತು ನಿಮಿಷದಲ್ಲಿ ತಿದ್ದಿದೆವು. ಬೋಧನೆಯ ತಪ್ಪನ್ನು ತಿದ್ದಲು ಇಡೀ ಪಾಠವನ್ನೇ ಮತ್ತೆ ಕಟ್ಟಬೇಕಾಯಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಶಾಲೆಗಳಿಗೆ ಅಭ್ಯಾಸಕ್ಕೆ ಹೋಗುವ ಇತರ ತಂಡಗಳಿಗೂ ಉಪಯೋಗವಾಗಲಿ ಎಂದು ಆ ಪಾಠವನ್ನು ಇಲ್ಲಿ ಕೊಟ್ಟಿದ್ದೇನೆ.

ಮೊದಲು ಪದ, ಆಮೇಲೆ ಪದಾರ್ಥ

"ಎಣ್ಣೆ ಸೀಸಾ" ಎಂದ ಹುಡುಗ ತಪ್ಪು ಹೇಳಲಿಲ್ಲ. ನಮ್ಮ ಗಡಿ ತಾಲ್ಲೂಕುಗಳ ಅನೇಕ ಮಕ್ಕಳ ಮನೆಮಾತು ತೆಲುಗು. ಅಲ್ಲಿ ಸೀಸಾ ಎಂದರೆ ಬಾಟಲಿ. ಕನ್ನಡದಲ್ಲೂ ಸೀಸೆ ಎನ್ನುತ್ತೇವೆ. ಪೂರ್ವಜ್ಞಾನ ಪರೀಕ್ಷೆಯಲ್ಲಿ ಇಂಥ ಉತ್ತರ ಬಂದಾಗ ನಕ್ಕು ಮುಂದೆ ಹೋಗಬಾರದು. "ಸೀಸೆ ಬೇರೆ, ಸೀಸ ಬೇರೆ" ಎಂದು ಹಲಗೆಯ ಮೇಲೆ ಎರಡು ಕಾಲಂ ಬರೆದು ಆರಂಭಿಸಬೇಕು.

ಪೆನ್ಸಿಲಿನ ಕಡ್ಡಿ ಗ್ರಾಫೈಟ್, ಅಂದರೆ ಇಂಗಾಲದ ಒಂದು ರೂಪ. ಹಿಂದಿನವರು ಅದನ್ನು ಸೀಸದಕಡ್ಡಿ ಎಂದು ಕರೆದದ್ದರಿಂದ ಈ ತಪ್ಪು ಕಲ್ಪನೆ ಉಳಿದಿದೆ. ಪೆನ್ಸಿಲ್ ಕಚ್ಚುವುದು ಒಳ್ಳೆಯ ಅಭ್ಯಾಸವಲ್ಲ ನಿಜ, ಆದರೆ ಅದರ ಕಡ್ಡಿಯಲ್ಲಿ ಸೀಸವಿಲ್ಲ. ಮಗು ಪೆನ್ಸಿಲಿಗೆ ಹೆದರಿ, ನಿಜವಾದ ಸೀಸ ಇರುವ ಕಡೆ ಹೆದರದೆ ಹೋದರೆ ನಮ್ಮ ಪಾಠ ಹಾನಿಯನ್ನೇ ಮಾಡಿದಂತೆ.

ಅಧ್ಯಾಪಕರು ತಿಳಿದಿರಬೇಕಾದದ್ದು

ಸೀಸ ಬೂದು ಬಣ್ಣದ, ಮೆತ್ತಗಿನ, ಭಾರವಾದ ಲೋಹ. ಒಂದು ಘನ ಸೆಂಟಿಮೀಟರ್ ಸೀಸ ಸುಮಾರು 11.3 ಗ್ರಾಂ ತೂಗುತ್ತದೆ. 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅಂದರೆ ಸೌದೆ ಒಲೆಯ ಮೇಲೂ ಕರಗಿಸಬಹುದು. ಹೀಗೆ ಸುಲಭವಾಗಿ ಬಗ್ಗುವ, ಕರಗುವ ಲೋಹವಾದ್ದರಿಂದಲೇ ಮನುಷ್ಯ ಅದನ್ನು ಎಲ್ಲೆಲ್ಲಿಯೂ ಬಳಸಿದ. ದೇಹಕ್ಕೆ ಮಾತ್ರ ಅದರಿಂದ ಒಂದು ಉಪಯೋಗವೂ ಇಲ್ಲ.

ಪುಟ್ಟ ಮಕ್ಕಳಿಗೆ ಅಪಾಯ ಹೆಚ್ಚು ಎನ್ನಲು ಮೂರು ಕಾರಣಗಳಿವೆ. ನೆಲದ ಮೇಲೆ ಆಡುವ ಮಗು ಕೈಯನ್ನು ಪದೇ ಪದೇ ಬಾಯಿಗೆ ಇಡುತ್ತದೆ. ನುಂಗಿದ ಸೀಸವನ್ನು ಮಗುವಿನ ಕರುಳು ದೊಡ್ಡವರ ಕರುಳಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲದು. ಮಿದುಳು ಬೆಳೆಯುತ್ತಿರುವ ಕಾಲವೂ ಅದೇ. ದೇಹ ಸೀಸವನ್ನು ಕ್ಯಾಲ್ಸಿಯಂ ಎಂದು ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ ಮತ್ತು ಮೂಳೆಯಲ್ಲಿ ಕೂಡಿಡುತ್ತದೆ. ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿದರೂ ಮೂಳೆಯೊಳಗಿನದು ದಶಕಗಳ ಕಾಲ ಉಳಿಯುತ್ತದೆ. ಆ ಮಗು ಹೆಣ್ಣಾಗಿದ್ದರೆ, ಮುಂದೆ ಬಸುರಿಯಾದಾಗ ಅದೇ ಸೀಸ ಮೂಳೆಯಿಂದ ಹೊರಬಂದು ಹೊಟ್ಟೆಯೊಳಗಿನ ಕೂಸನ್ನು ತಲುಪಬಹುದು.

ಎಷ್ಟು ಸೀಸ ಇದ್ದರೆ ಸುರಕ್ಷಿತ? ಸುರಕ್ಷಿತ ಮಟ್ಟ ಎಂಬುದು ಗೊತ್ತಿಲ್ಲ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಕಂಡರೆ ಮೂಲವನ್ನು ಹುಡುಕಿ ನಿಲ್ಲಿಸಬೇಕು ಎಂದು 2021ರ ಅದರ ಮಾರ್ಗಸೂಚಿ ಸೂಚಿಸುತ್ತದೆ. ಈ ಅಂಕಿ ಮಕ್ಕಳಿಗೆ ಅರ್ಥವಾಗುವಂತೆ ಒಂದು ಲೆಕ್ಕ ಮಾಡಿಸಬಹುದು. 15 ಕಿಲೋ ತೂಕದ ಮಗುವಿನಲ್ಲಿ, ಕಿಲೋಗೆ 75 ಮಿಲಿಲೀಟರಿನಂತೆ, ಸುಮಾರು 1125 ಮಿಲಿಲೀಟರ್ ರಕ್ತವಿರುತ್ತದೆ. ಅಂದರೆ 11.25 ಡೆಸಿಲೀಟರ್. ಇದನ್ನು 5ರಿಂದ ಗುಣಿಸಿದರೆ ಸುಮಾರು 56 ಮೈಕ್ರೋಗ್ರಾಂ. ಪುಡಿ ಉಪ್ಪಿನ ಒಂದು ಹರಳಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಇಡೀ ಮಗುವಿನ ರಕ್ತದಲ್ಲಿ ಒಂದು ಉಪ್ಪಿನ ಹರಳಿನಷ್ಟು ಸೀಸವಿದ್ದರೂ ವೈದ್ಯರು ಗಮನಿಸಬೇಕಾದ ಮಟ್ಟ ಅದು.

ಹಲ್ಲು ಹೇಳುವ ಎರಡು ಕಥೆಗಳು

ನಮ್ಮ ಜಿಲ್ಲೆಯ ಅಧ್ಯಾಪಕರಿಗೆ ಫ್ಲೋರೈಡ್ ಹೊಸದಲ್ಲ. ಆಳದ ಕೊಳವೆಬಾವಿಯ ನೀರು ಕುಡಿದ ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಯನ್ನು ಹಾಜರಿ ಕೂಗುವಾಗಲೇ ಗುರುತಿಸುತ್ತೇವೆ. ಫ್ಲೋರೈಡ್ ತನ್ನ ಗುರುತನ್ನು ಹೊರಗೆ ಬರೆಯುತ್ತದೆ. ಸೀಸ ಹಾಗಲ್ಲ. ಅದೂ ಹಲ್ಲಿನಲ್ಲಿ ಸೇರುತ್ತದೆ, ಆದರೆ ಕಾಣುವುದಿಲ್ಲ.

1979ರಲ್ಲಿ ಅಮೆರಿಕದ ವೈದ್ಯ ಹರ್ಬರ್ಟ್ ನೀಡಲ್‌ಮನ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಮ್ಯಾಸಚೂಸೆಟ್ಸ್ ರಾಜ್ಯದ ಚೆಲ್ಸಿ ಮತ್ತು ಸೋಮರ್‌ವಿಲ್ ಊರುಗಳಲ್ಲಿ ಒಂದನೆಯ, ಎರಡನೆಯ ತರಗತಿಯ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಅವುಗಳಲ್ಲಿನ ಸೀಸವನ್ನು ಅಳೆದರು. ಇನ್ನೊಂದು ಕಡೆ, ಅಧ್ಯಾಪಕರಿಗೆ ಹಲ್ಲಿನ ಫಲಿತಾಂಶ ತಿಳಿಸದೆ, ಸುಮಾರು ಎರಡು ಸಾವಿರ ಮಕ್ಕಳ ತರಗತಿ ನಡವಳಿಕೆ ಹೇಗಿದೆ ಎಂದು ಕೇಳಿದರು. ಗಮನ ಚದುರುತ್ತದೆಯೇ, ಹೇಳಿದ್ದನ್ನು ಅನುಸರಿಸುತ್ತದೆಯೇ, ಕೆಲಸ ಅರ್ಧಕ್ಕೆ ಬಿಡುತ್ತದೆಯೇ ಎಂಬಂಥ ಪ್ರಶ್ನೆಗಳು. ಹಲ್ಲಿನಲ್ಲಿ ಸೀಸ ಹೆಚ್ಚಿದಂತೆ ಅಧ್ಯಾಪಕರ ದೂರುಗಳೂ ಹೆಚ್ಚಿದ್ದವು.

ಅಧ್ಯಾಪಕರಾಗಿ ನಾವು ಇದನ್ನು ಎರಡು ಸಲ ಓದಬೇಕು. ಆ ಅಧ್ಯಾಪಕರು ನೋಡಿದ್ದು ನಿಜ, ಮಗು ಗಮನ ಕೊಡುತ್ತಿರಲಿಲ್ಲ. ಆದರೆ ಕಾರಣ ಅವರಿಗೆ ಕಂಡಿರಲಿಲ್ಲ. "ಸೋಮಾರಿ", "ದಡ್ಡ", "ಮನೆಯಲ್ಲಿ ಶಿಸ್ತಿಲ್ಲ" ಎಂದು ನಾವು ಬರೆಯುವ ಷರಾಗಳಲ್ಲಿ ಎಷ್ಟು ಮಗುವಿನ ತಪ್ಪಲ್ಲದವೋ! ಹಾಗೆಂದು ನಿಧಾನವಾಗಿ ಕಲಿಯುವ ಪ್ರತಿ ಮಗುವಿನಲ್ಲೂ ಸೀಸವಿದೆ ಎಂದುಕೊಳ್ಳುವುದೂ ಅಷ್ಟೇ ತಪ್ಪು. ರಕ್ತಹೀನತೆ, ದೃಷ್ಟಿದೋಷ, ಕಿವಿ ಕೇಳದಿರುವುದು, ಬೆಳಗಿನ ಹಸಿವು, ಇವೂ ಮಗುವನ್ನು ಹಾಗೆಯೇ ಕಾಣಿಸುತ್ತವೆ. ಸೀಸವನ್ನು ತಿಳಿಸುವುದು ರಕ್ತಪರೀಕ್ಷೆ ಒಂದೇ.

ನಮ್ಮ ರಾಜ್ಯದಲ್ಲಿಯೇ ಇದರ ಚರಿತ್ರೆ ಇದೆ

ಭಾರತದ ಮಕ್ಕಳಲ್ಲಿನ ಸೀಸದ ಪ್ರಶ್ನೆ ದೊಡ್ಡ ಮಟ್ಟದಲ್ಲಿ ಎದ್ದದ್ದು ಬೆಂಗಳೂರಿನಿಂದ. ಜಾರ್ಜ್ ಫೌಂಡೇಶನ್ ಎಂಬ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಬೆಂಗಳೂರು ಸೇರಿದಂತೆ ದೇಶದ ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿತು. ಪರೀಕ್ಷೆಗೆ ಒಳಗಾದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇದೇ ವಿಷಯದ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಭಾಗದ ಡಾ. ತುಪ್ಪಿಲ್ ವೆಂಕಟೇಶ್ ಈ ಕೆಲಸದ ಮುಂದಾಳು. ಅವರ ನೇತೃತ್ವದಲ್ಲಿ ಅಲ್ಲಿ ಸೀಸ ವಿಷಬಾಧೆಯ ರಾಷ್ಟ್ರೀಯ ಉಲ್ಲೇಖ ಕೇಂದ್ರವೂ ಬಂತು.

ಆಗ ಮುಖ್ಯ ಆರೋಪಿ ಸೀಸ ಬೆರೆಸಿದ ಪೆಟ್ರೋಲ್. 2000ದಲ್ಲಿ ಅದು ದೇಶದಾದ್ಯಂತ ನಿಂತಿತು. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ 2016ರಲ್ಲಿ ಬಂದು 2017ರ ನವೆಂಬರ್‌ನಿಂದ ಜಾರಿಗೊಂಡಿತು. ಆದರೆ ಸೀಸ ಕೊಳೆಯುವ ವಸ್ತುವಲ್ಲ. ರಸ್ತೆ ಬದಿಯ ಮಣ್ಣಿಗೆ ಹಿಂದೆ ಬಿದ್ದದ್ದು, ಹಳೆಯ ಕಿಟಕಿಯ ಮೇಲೆ ಹಿಂದೆ ಬಳಿದದ್ದು ಇಂದೂ ಅಲ್ಲೇ ಇರುತ್ತದೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಪ್ರಕಟಿಸಿದ ಅಂದಾಜಿನಂತೆ ಜಗತ್ತಿನ ಮೂರು ಮಕ್ಕಳಲ್ಲಿ ಒಂದರ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸವಿದೆ. ಅವರಲ್ಲಿ ಭಾರತದ ಮಕ್ಕಳೇ ಅತಿ ಹೆಚ್ಚು.

ಮನೆಗೆ ಬರುವ ದಾರಿಗಳು

ಅಡುಗೆಮನೆ: ಅರಿಶಿನದ ಕೊಂಬಿಗೆ ಹೊಳಪು ಕೊಡಲು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಬೆರೆಸುವ ಕಲಬೆರಕೆ ಇದೆ. ಹಿತ್ತಾಳೆ ಪಾತ್ರೆಗೆ ಹಾಕುವ ಕಲಾಯಿ ಶುದ್ಧ ತವರದ್ದಾಗಿರಬೇಕು. ತವರ ದುಬಾರಿ, ಸೀಸ ಅಗ್ಗ, ಹಾಗಾಗಿ ಬೆರಕೆಗೆ ಆಸ್ಪದ. ನಮ್ಮ ಗಡಿಯ ಮನೆಗಳಲ್ಲಿ ಸಾರಿಗೆ ಬಳಸುವ ಈಯಚೊಂಬಿಗೂ ಇದೇ ಮಾತು. ಹುಣಸೆಹಣ್ಣು, ಟೊಮೆಟೊ ಹಾಕಿದ ಹುಳಿಸಾರು ಇಂಥ ಪಾತ್ರೆಯಲ್ಲಿ ನಿಂತರೆ ಸೀಸ ಸಾರಿಗೆ ಇಳಿಯುತ್ತದೆ. ಗುಜರಿ ಲೋಹ ಕರಗಿಸಿ ಮಾಡಿದ ಗುರುತಿಲ್ಲದ ಅಲ್ಯೂಮಿನಿಯಂ ಪಾತ್ರೆಗಳಲ್ಲೂ ಸೀಸ ಸೇರಿರಬಹುದು.

ಅಲಂಕಾರ: ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲಿ ಮಾಡುವ ಕಾಡಿಗೆ ಬೇರೆ, ಕಲ್ಲು ಅರೆದು ಮಾಡುವ ಸುರ್ಮಾ ಬೇರೆ. ಸುರ್ಮಾದ ಕಲ್ಲು ಅನೇಕ ವೇಳೆ ಸೀಸದ ಸಲ್ಫೈಡ್. ಹಾಗೆಯೇ ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡಿದ ಕುಂಕುಮ ಬೇರೆ, ಕೆಂಪು ಸೀಸ ಬೆರೆತಿರಬಹುದಾದ ಸಿಂಧೂರ ಬೇರೆ.

ಬಣ್ಣ: ಸಿಪ್ಪೆ ಏಳುವ ಹಳೆಯ ಬಾಗಿಲು, ಕಿಟಕಿ, ಜಾರುಬಂಡೆ, ಅಗ್ಗದ ಬಣ್ಣದ ಆಟಿಕೆ. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ತೆಗೆದಾಗ ಏಳುವ ಧೂಳು ಎಲ್ಲಕ್ಕಿಂತ ಅಪಾಯ. ಶಾಲೆಗೆ ಸುಣ್ಣಬಣ್ಣ ಮಾಡಿಸುವಾಗ ಮುಖ್ಯೋಪಾಧ್ಯಾಯರು ಇದನ್ನು ನೆನಪಿಡಬೇಕು.

ದುಡಿಮೆ: ಬ್ಯಾಟರಿ ಬಿಚ್ಚುವುದು, ಬೆಸುಗೆ, ಬಣ್ಣದ ಕೆಲಸ, ಗುಜರಿ. ದುಡಿದವರ ಬಟ್ಟೆ, ಕೈ, ತಲೆಗೂದಲ ಮೂಲಕ ಧೂಳು ಮನೆಯೊಳಗೆ ಬರುತ್ತದೆ.

ಮತ್ತೆ ಕಟ್ಟಿದ ಪಾಠ

ತರಗತಿ: ಎಂಟು. ಅವಧಿ: 40 ನಿಮಿಷದ ಎರಡು.

ಕಲಿಕಾ ಫಲಗಳು: ವಿದ್ಯಾರ್ಥಿಯು ಸೀಸ ದೇಹ ಸೇರುವ ದಾರಿಯನ್ನು ವಿವರಿಸುವನು, ಗ್ರಾಫೈಟ್ ಮತ್ತು ಸೀಸವನ್ನು ಬೇರ್ಪಡಿಸಿ ಹೇಳುವನು, ತಮ್ಮನಿಗೋ ತಂಗಿಗೋ ಉಪಯೋಗವಾಗುವ ಒಂದು ಸುರಕ್ಷತಾ ಕ್ರಮವನ್ನು ಕಾರಣ ಸಹಿತ ಸೂಚಿಸುವನು.

ಬೋಧನೋಪಕರಣ: ಅಕ್ಕಿಹಿಟ್ಟು, ಕಡ್ಲೆಪುರಿ, ಸಾಬೂನು, ನೀರು, ಗಾಜಿನ ಎರಡು ಲೋಟ, ಅರಿಶಿನದ ಕೊಂಬು, ಚೀಟಿಗಳು. ಸೀಸವನ್ನಾಗಲಿ, ಬ್ಯಾಟರಿಯ ಯಾವುದೇ ಭಾಗವನ್ನಾಗಲಿ ತರಗತಿಗೆ ತರಕೂಡದು.

ಮೊದಲ ಚಟುವಟಿಕೆ, ಧೂಳಿನ ದಾರಿ: ಆಟಕ್ಕೆ ಹೋದ ಮಕ್ಕಳು ಬರುವ ಮೊದಲೇ ಬೆಂಚುಗಳ ಮೇಲೆ ತೆಳ್ಳಗೆ ಅಕ್ಕಿಹಿಟ್ಟು ಸವರಿಡಿ. ಏನೂ ಹೇಳದೆ ಐದು ನಿಮಿಷ ಮಾತನಾಡಿಸಿ. ಆಮೇಲೆ ಒಬ್ಬರನ್ನೊಬ್ಬರು ನೋಡಲು ಹೇಳಿ. ಮೂಗಿನ ಮೇಲೆ, ಪುಸ್ತಕದ ಮೇಲೆ, ತುಟಿಯ ಮೇಲೆ ಬಿಳಿ! ನಗು ನಿಂತ ಮೇಲೆ ಕೇಳಿ: "ಈ ಹಿಟ್ಟು ಕಣ್ಣಿಗೆ ಕಾಣದಿದ್ದರೆ?" ಈಗ ಒಂದು ಗುಂಪು ಬರೀ ನೀರಿನಲ್ಲಿ ಅದ್ದಿ ಕೈ ಒರೆಸಿಕೊಳ್ಳಲಿ, ಇನ್ನೊಂದು ಸಾಬೂನಿನಿಂದ ತೊಳೆಯಲಿ. ಕೈಗಳನ್ನು ಹೋಲಿಸಲಿ. ಕೊನೆಗೆ ಎಲ್ಲರೂ ಸಾಬೂನಿನಿಂದ ತೊಳೆದು ಕಡ್ಲೆಪುರಿ ತಿನ್ನಲಿ.

ಎರಡನೆಯ ಚಟುವಟಿಕೆ, ಐದು ಕುರ್ಚಿ: ಐದು ಕುರ್ಚಿ ಕರುಳಿನ ಬಾಗಿಲುಗಳು. ಐದು ಮಕ್ಕಳು ಕ್ಯಾಲ್ಸಿಯಂ, ಐವರು ಸೀಸ. ಮೊದಲ ಸುತ್ತಿನಲ್ಲಿ ಕ್ಯಾಲ್ಸಿಯಂ ಮಗು ಒಂದೇ ಬರಲಿ, ಉಳಿದ ಕುರ್ಚಿ ಸೀಸಕ್ಕೆ ಹೋಗುತ್ತವೆ. ಎರಡನೆಯ ಸುತ್ತಿನಲ್ಲಿ ಐವರೂ ಬಂದು ಕೂರಲಿ, ಸೀಸಕ್ಕೆ ಜಾಗ ಸಿಗುವುದು ಕಷ್ಟ. ಕಬ್ಬಿಣಕ್ಕೂ ಇದೇ ಆಟ. "ಹಾಗಾದರೆ ಏನು ತಿನ್ನಬೇಕು?" ಎಂಬ ಪ್ರಶ್ನೆಗೆ ಉತ್ತರ ನಮ್ಮ ನೆಲದಲ್ಲಿಯೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಸೊಪ್ಪಿನ ಸಾರು, 2013ರಿಂದ ಶಾಲೆಯಲ್ಲಿ ಕೊಡುತ್ತಿರುವ ಕ್ಷೀರಭಾಗ್ಯದ ಹಾಲು, ಮೊಟ್ಟೆ, ವಾರದ ಕಬ್ಬಿಣದ ಮಾತ್ರೆ. ಹೊಟ್ಟೆ ಖಾಲಿಯಿದ್ದಾಗ ಸೀಸ ಹೆಚ್ಚು ಹೀರಲ್ಪಡುತ್ತದೆ. ಆದ್ದರಿಂದ ಬೆಳಗಿನ ತಿಂಡಿಯೂ ಒಂದು ರಕ್ಷಣೆ. ಆದರೆ ಆಹಾರ ಮದ್ದಲ್ಲ, ಮೂಲವನ್ನು ನಿಲ್ಲಿಸುವುದೇ ಮುಖ್ಯ ಎಂಬುದನ್ನು ಸೇರಿಸಿ ಹೇಳಬೇಕು.

ಮೂರನೆಯದು, ಪ್ರಾತ್ಯಕ್ಷಿಕೆ: ಆಹಾರ ಸುರಕ್ಷತಾ ಪ್ರಾಧಿಕಾರದ ಕೈಪಿಡಿಯಲ್ಲಿರುವ ಸರಳ ಪರೀಕ್ಷೆ. ಅರಿಶಿನದ ಕೊಂಬನ್ನು ನೀರಿನ ಲೋಟದಲ್ಲಿ ಬಿಡಿ. ಬಣ್ಣ ಬಳಿದ ಕೊಂಬು ಕೂಡಲೇ ಗಾಢ ಹಳದಿ ಬಿಡುತ್ತದೆ. ಇದು ಸಂಶಯ ಮೂಡಿಸುವ ಪರೀಕ್ಷೆಯೇ ಹೊರತು ಸೀಸ ಇಲ್ಲವೆಂದು ಸಾಬೀತು ಮಾಡುವ ಪರೀಕ್ಷೆಯಲ್ಲ. ಇದನ್ನು ಅಧ್ಯಾಪಕರೇ ಮಾಡಬೇಕು. ಯಾವ ಅಂಗಡಿಯ ಹೆಸರೂ ತರಗತಿಯಲ್ಲಿ ಬರಬಾರದು. ಇದರ ಜೊತೆಗೆ ಬಾಂಗ್ಲಾದೇಶದ ಉದಾಹರಣೆ ಹೇಳಿ. 2019ರಲ್ಲಿ ಅಲ್ಲಿನ ಮಾರುಕಟ್ಟೆಯ ಅರಿಶಿನದ ಮಾದರಿಗಳಲ್ಲಿ 47%ರಲ್ಲಿ ಸೀಸ ಕಂಡಿತ್ತು. ವಿಜ್ಞಾನಿಗಳು, ಸರ್ಕಾರ, ವ್ಯಾಪಾರಿಗಳು ಒಟ್ಟಾಗಿ ಕೆಲಸ ಮಾಡಿದ ಮೇಲೆ 2021ರ ಹೊತ್ತಿಗೆ ಅದು ಸೊನ್ನೆಗೆ ಇಳಿಯಿತು. ಹೆದರಿಕೆಯ ಪಾಠಕ್ಕೆ ಇಂಥ ಒಂದು ಗೆಲುವು ಬೇಕೇ ಬೇಕು.

ನಾಲ್ಕನೆಯದು, ಚೀಟಿ: ಅಪ್ಪ ಅಮ್ಮನ ಕೆಲಸವೇನೆಂದು ತರಗತಿಯಲ್ಲಿ ಕೂಗಿ ಕೇಳಬಾರದು. ಪ್ರತಿ ಮಗು ಹೆಸರಿಲ್ಲದ ಚೀಟಿಯಲ್ಲಿ "ನಮ್ಮ ಮನೆಯಲ್ಲಿ ನಾನು ಮಾಡಬಹುದಾದ ಒಂದು ಬದಲಾವಣೆ" ಬರೆಯಲಿ. "ವಿಷ ಎಲ್ಲಿದೆ" ಎಂದು ಹುಡುಕಲು ಹೊರಟರೆ ಬೆರಳು ಯಾರದೋ ಮನೆಯತ್ತ ತಿರುಗುತ್ತದೆ. "ಏನು ಮಾಡಬಹುದು" ಎಂದು ಕೇಳಿದರೆ ಎಲ್ಲ ಮನೆಗೂ ಒಂದೊಂದು ಕೆಲಸ ಸಿಗುತ್ತದೆ.

ಮಕ್ಕಳು ಕೇಳುವ ಪ್ರಶ್ನೆಗಳು

"ಕೆ.ಸಿ. ವ್ಯಾಲಿ ನೀರಲ್ಲಿ ಸೀಸ ಇದೆಯಾ?" ಕೋಲಾರ, ಮಾಲೂರು ಕಡೆ ಈ ಪ್ರಶ್ನೆ ಬಂದೇ ಬರುತ್ತದೆ. 2018ರಿಂದ ಬೆಂಗಳೂರಿನ ಕೊಳಚೆ ನೀರು ಎರಡನೆಯ ಹಂತದವರೆಗೆ ಶುದ್ಧೀಕರಣಗೊಂಡು ನಮ್ಮ ಕೆರೆಗಳಿಗೆ ಬರುತ್ತಿದೆ. ಮೂರನೆಯ ಹಂತವೂ ಬೇಕೆಂಬ ಒತ್ತಾಯ ಜಿಲ್ಲೆಯಲ್ಲಿ ಆಗಿನಿಂದಲೂ ಇದೆ. ಅಧ್ಯಾಪಕರು ಇಲ್ಲಿ ಹೌದು ಎಂದಾಗಲಿ ಇಲ್ಲ ಎಂದಾಗಲಿ ಊಹಿಸಿ ಹೇಳಬಾರದು. "ನೀರಿನ ಬಣ್ಣ, ವಾಸನೆ, ನೊರೆ ನೋಡಿ ಸೀಸ ತಿಳಿಯುವುದಿಲ್ಲ. ಪ್ರಯೋಗಾಲಯದ ವರದಿ ಬೇಕು. ಯಾವ ಕೆರೆ, ಯಾವ ತಿಂಗಳು, ಎಷ್ಟು ಎಂದು ವರದಿಯಲ್ಲಿ ಇರಬೇಕು" ಎಂದು ಪುರಾವೆಯ ಸ್ವರೂಪವನ್ನು ಕಲಿಸಬೇಕು. ವಿಜ್ಞಾನದ ಅಧ್ಯಾಪಕ ಮಕ್ಕಳಿಗೆ ಕೊಡಬಹುದಾದ ಉಪಕರಣ ಅದು.

"ಕುದಿಸಿದರೆ ಸೀಸ ಹೋಗುತ್ತದೆಯೇ?" ಇಲ್ಲ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಲೋಹ ಉಳಿಯುತ್ತದೆ.

"ನಮ್ಮ ಅಪ್ಪ ಆ ಕೆಲಸ ಬಿಡಬೇಕಾ?" ಈ ಪ್ರಶ್ನೆ ಬಾಯಿಬಿಟ್ಟು ಬರುವುದು ಕಡಿಮೆ. ಬಂದರೆ ಪಾಠ ನಿಲ್ಲಿಸಿ ಉತ್ತರಿಸಬೇಕು. ಮನೆಯ ಹಿತ್ತಲಿನಿಂದ ಕೆಲಸ ದೂರವಾಗಬೇಕು. ಕೆಲಸದ ಬಟ್ಟೆ ಬೇರೆ ಇರಬೇಕು, ಬೇರೆಯೇ ಒಗೆಯಬೇಕು. ಸ್ನಾನ ಮಾಡಿದ ಮೇಲೆ ಮಗುವನ್ನು ಎತ್ತಿಕೊಳ್ಳಬೇಕು. ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ನೋಂದಾಯಿತ ಮರುಬಳಕೆ ಘಟಕಕ್ಕೇ ಹೋಗಬೇಕು, ಮನೆಯಲ್ಲಿ ಒಡೆಯುವಂತಿಲ್ಲ. ಮನೆಯವರ ದುಡಿಮೆಯನ್ನು ಹೀಯಾಳಿಸದೆ ಇಷ್ಟನ್ನೂ ಹೇಳಬಹುದು.

ಮೌಲ್ಯಮಾಪನ

ಬಾಯಿಪಾಠದ ಪ್ರಶ್ನೆ ಬೇಡ. ಒಂದು ಸನ್ನಿವೇಶ ಕೊಡಿ: "ಅಂಗನವಾಡಿಯ ಹಳೆಯ ಬಾಗಿಲಿನ ಬಣ್ಣ ಉದುರುತ್ತಿದೆ. ನಾಳೆ ಅದನ್ನು ಉಜ್ಜಿ ತೆಗೆಯುತ್ತಾರೆ. ನೀವು ಯಾವ ಮೂರು ಸಲಹೆ ಕೊಡುವಿರಿ? ಯಾಕೆ?" ಮಕ್ಕಳನ್ನು ದೂರ ಇಡುವುದು, ಮೇಲ್ಮೈಯನ್ನು ಒದ್ದೆ ಮಾಡಿ ಉಜ್ಜುವುದು, ಬಿದ್ದ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಕಟ್ಟಿಡುವುದು, ಇವು ಬಂದರೆ ಪಾಠ ತಲುಪಿದೆ. "ಯಾಕೆ" ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಧೂಳಿನ ದಾರಿಯನ್ನು ಮತ್ತೊಮ್ಮೆ ಮಾಡಿಸಿ.

ಮಗುವಿನ ಬಗ್ಗೆ ಅನುಮಾನ ಬಂದರೆ ಅಧ್ಯಾಪಕರು ರೋಗ ಹೆಸರಿಸಬಾರದು. ಶಾಲೆಗೆ ಬರುವ ಬಾಲ ಸ್ವಾಸ್ಥ್ಯ ತಂಡಕ್ಕೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಂಡ ಸಂಗತಿಯನ್ನಷ್ಟೇ ಹೇಳಬೇಕು. ಹೆತ್ತವರೊಡನೆ ಒಬ್ಬೊಬ್ಬರಾಗಿಯೇ ಮಾತನಾಡಬೇಕು.

ಪರಿಷ್ಕರಿಸಿದ ಪಾಠವನ್ನು ಅದೇ ಪ್ರಶಿಕ್ಷಣಾರ್ಥಿ ಮರುವಾರ ಅದೇ ತರಗತಿಯಲ್ಲಿ ಮಾಡಿದರು. ಮೊದಲಿಗೆ, "ಹೋದ ವಾರ ಪೆನ್ಸಿಲ್ ಬಗ್ಗೆ ನಾನು ತಪ್ಪು ಹೇಳಿದೆ" ಎಂದು ಒಪ್ಪಿಕೊಂಡರು. ಮಕ್ಕಳು ನೆಟ್ಟಗೆ ಕೂತರು. ಐದು ಕುರ್ಚಿಯ ಆಟದಲ್ಲಿ ಆ ಹುಡುಗ ಕ್ಯಾಲ್ಸಿಯಂ ಆಗಿದ್ದ. ಯಾರೇ ತಳ್ಳಿದರೂ ಕುರ್ಚಿ ಬಿಡಲಿಲ್ಲ. ಅವಧಿ ಮುಗಿದ ಮೇಲೆ ಚೀಟಿಗಳನ್ನು ಓದಿದೆವು. ಒಂದರಲ್ಲಿ ಹೀಗಿತ್ತು: "ಅಪ್ಪ ಸ್ನಾನ ಮಾಡೋವರೆಗೂ ತಂಗೀನ ನಾನು ಎತ್ಕೊಂಡಿರ್ತೀನಿ." ಅದು ಯಾರ ಚೀಟಿ ಎಂದು ನಾವು ಕೇಳಲಿಲ್ಲ.